ಕಾಸರಗೋಡಿನ ಪಾಠಕ್ಕೆ ನಮ್ಮದೇ ಆನ್‌ಲೈನ್ ಸಾಮಗ್ರಿ: ಎಲ್ಲಿಂದ ಶುರು ಮಾಡುವುದು?

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಸಮಾಜ ವಿಜ್ಞಾನ, ಪರಿಸರ, ಕನ್ನಡ ಕಲಿಸುವ ಟೀಚರುಗಳು, ಮಾಷ್ಟ್ರುಗಳು ಮತ್ತೆ ಮತ್ತೆ ಕೇಳುವುದು ಒಂದೇ. "ನಮ್ಮ ಜಿಲ್ಲೆಯ ಬಗ್ಗೆ ಕ್ಲಾಸಿನಲ್ಲಿ ಬಳಸುವಂಥದ್ದು ಕನ್ನಡದಲ್ಲಿ ಎಲ್ಲಿ ಸಿಗುತ್ತದೆ?" ಇದಕ್ಕೆ ಉತ್ತರ ಕೊಟ್ಟ ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ. "ಪೂರ್ತಿ ಸಿಗದಿದ್ದರೆ ನಾವೇ ನಾಲ್ಕು ಜನ ಸೇರಿ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಡಬಹುದಲ್ವಾ?" ಇಡಬಹುದು. ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ತೊಡಕು ಎಲ್ಲಿದೆ ನೋಡೋಣ. ಕರ್ನಾಟಕದ ಕಡೆ ಕನ್ನಡದ ಸಾಮಗ್ರಿ ಬೇಕಾದಷ್ಟಿದೆ. ಆದರೆ ಅದು ಅಲ್ಲಿನ ಪಠ್ಯಕ್ರಮಕ್ಕೆ ಮಾಡಿದ್ದು. ಕೇರಳದ ಪಠ್ಯಕ್ರಮಕ್ಕೆ ಹೊಂದುವ ಸಾಮಗ್ರಿಯೂ ಜಾಸ್ತಿ ಇದೆ, ಅದರಲ್ಲಿ ಹೆಚ್ಚಿನದು ಮಲಯಾಳದಲ್ಲಿದೆ. ಇನ್ನು ದಾಖಲೆಗಳ ಕತೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳಕ್ಕೆ ಸೇರಿ ಕಣ್ಣೂರು ಜಿಲ್ಲೆಯ ಭಾಗವಾಯಿತು. ಸ್ವಂತ ಜಿಲ್ಲೆ ಆದದ್ದು 1984ರ ಮೇ 24ರಂದು. ಹೀಗಾಗಿ ನಮ್ಮ ಊರಿನ ಹಳೆಯ ಕಾಗದ ಪತ್ರ, ಗೆಜೆಟಿಯರ್, ನಕ್ಷೆಗಳೆಲ್ಲ ಹಲವು ಹೆಸರುಗಳಡಿ ಹಲವು ಕಡೆ ಹಂಚಿಹೋಗಿವೆ. "ಕಾಸರಗೋಡು" ಎಂದು ಮಾತ್ರ ಹುಡುಕಿದರೆ ಅರ್ಧವೂ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಹೇಳುವ ಸಾಮಗ್ರಿಗೆ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎನ್ನುತ್ತಾರೆ. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು, ತಿದ್ದಬಹುದು, ಮತ್ತೆ ಹಂಚಬಹುದು, ಅಂಥ ಪಾಠ ಸಾಮಗ್ರಿ. "ತಿದ್ದಬಹುದು" ಎನ್ನುವುದನ್ನು ಮರೆಯಬೇಡಿ. ಮುಂದಿನ ಅರ್ಧಕ್ಕರ್ಧ ಮಾತು ಅದರ ಮೇಲೆಯೇ ನಿಂತಿದೆ.

ಏನೇನು ಬೇಕು?

ಮೂರು ಜನ. ಒಂದು ಲ್ಯಾಪ್‌ಟಾಪ್, ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ ಶಾಲೆಗೆ ಕೊಟ್ಟ ಲಿನಕ್ಸ್ ಯಂತ್ರವೂ ಸಾಕು. ಫೋಟೊ ತೆಗೆಯಲು, ಧ್ವನಿ ರೆಕಾರ್ಡ್ ಮಾಡಲು ಫೋನು. ತಿಂಗಳಿಗೆ ಒಂದು ಶನಿವಾರ. ಹಣ ಬೇಡ. ವೆಬ್‌ಸೈಟ್ ಈಗಲೇ ಬೇಡ. ಹೆಸರು, ಲೋಗೋ, ಉದ್ಘಾಟನೆ ಅಂತೂ ಬೇಡವೇ ಬೇಡ. ಅವುಗಳಿಂದ ಶುರುವಾದ ಕೆಲಸ ಲೋಗೋ ಚರ್ಚೆಯಲ್ಲೇ ಸುಸ್ತಾಗುತ್ತದೆ.

ಹಂತ 1: ಮೂರು ಜನ, ಮೂರು ಕೆಲಸ, ಒಂದು ಖಾತೆ

ಒಬ್ಬರು ವಿಷಯ ಬರೆಯುವವರು. ಒಬ್ಬರು ಭಾಷೆ ಮತ್ತು ಸಂಗತಿ ಸರಿಯಿದೆಯಾ ಎಂದು ನೋಡುವವರು. ಇನ್ನೊಬ್ಬರು ಫೈಲುಗಳನ್ನು ಕಾಯುವವರು. ಮೂರನೆಯವರನ್ನು ಹುಡುಕುವುದೇ ಕಷ್ಟ, ಆದರೆ ಅವರಿಲ್ಲದೆ ಉಳಿದಿಬ್ಬರ ಕೆಲಸ ಎರಡು ವರ್ಷದಲ್ಲಿ ಕಾಣೆಯಾಗುತ್ತದೆ. ಜನ ಸಿಗುವುದು ಸುತ್ತಲಿನ ಶಾಲೆಗಳ ಟೀಚರುಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಿಂದ ಒಬ್ಬೊಬ್ಬರು ಸಿಕ್ಕಿದರೆ ಬಹಳ ಒಳ್ಳೆಯದು. ಮಾಯಿಪ್ಪಾಡಿಯಲ್ಲಿರುವ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿ ತರಬೇತಿ ಪಡೆಯುವವರಿಗೆ ಇಂಥ ಕೆಲಸ ಪ್ರಾಜೆಕ್ಟ್ ಆಗಿಯೂ ಉಪಯೋಗಕ್ಕೆ ಬಂದೀತು.

ಖಾತೆಯನ್ನು ಯಾರ ಸ್ವಂತ ಹೆಸರಿನಲ್ಲೂ ಮಾಡಬೇಡಿ. ಗುಂಪಿನ ಹೆಸರಿನಲ್ಲಿ ಒಂದು ಹೊಸ ಮೇಲ್ ಖಾತೆ ತೆರೆಯಿರಿ. ಪಾಸ್‌ವರ್ಡು ಇಬ್ಬರ ಬಳಿ ಇರಲಿ. ಗೂಗಲ್ ಡ್ರೈವ್‌ನಲ್ಲಿ ಹಂಚಿಕೊಂಡ ಫೋಲ್ಡರಿಗೆ ನೀವು ಫೈಲು ಹಾಕಿದರೂ ಅದರ ಯಜಮಾನಿಕೆ ಹಾಕಿದವರದ್ದೇ. ಅವರು ನಾಳೆ ಖಾತೆ ಮುಚ್ಚಿದರೆ ಫೈಲೂ ಹೋಯಿತು. ಆದ್ದರಿಂದ ಕೊನೆಯ ಪ್ರತಿಯನ್ನು ಗುಂಪಿನ ಖಾತೆಯಿಂದಲೇ ಏರಿಸಿ. ಇನ್ನೊಂದು ಎಚ್ಚರಿಕೆ: ಎರಡು ವರ್ಷ ಯಾರೂ ಮುಟ್ಟದ ಸ್ವಂತ ಬಳಕೆಯ ಖಾತೆಗಳನ್ನು ಗೂಗಲ್ ಅಳಿಸಬಹುದು. ಆಗಾಗ ಒಮ್ಮೆ ಲಾಗಿನ್ ಆಗುತ್ತಿರಿ.

ಮತ್ತೆ ವಾಟ್ಸಾಪ್ ಗುಂಪು? ಮಾತಾಡಲು ಇರಲಿ, ಸಂಗ್ರಹಕ್ಕೆ ಬೇಡ. ಅಲ್ಲಿ ಹಾಕಿದ ಫೋಟೊ ಕುಗ್ಗಿರುತ್ತದೆ, ಯಾರು ತೆಗೆದದ್ದು ಎಂದು ಗೊತ್ತಿರುವುದಿಲ್ಲ. ಮೂರು ತಿಂಗಳಾದ ಮೇಲೆ "ಆ ಬೇಕಲ ಕೋಟೆಯ ಪಿಡಿಎಫ್ ಇನ್ನೊಮ್ಮೆ ಹಾಕ್ತೀರಾ" ಎಂದು ಕೇಳುವುದೇ ಕೆಲಸವಾಗುತ್ತದೆ.

ಹಂತ 2: ಇಡೀ ಜಿಲ್ಲೆ ಬೇಡ, ಒಂದು ಪಾಠ ಹಿಡಿಯಿರಿ

"ಕಾಸರಗೋಡಿನ ಸಮಗ್ರ ಇತಿಹಾಸ" ಎಂದು ಹೊರಟವರು ಮುನ್ನುಡಿಯಲ್ಲೇ ನಿಲ್ಲುತ್ತಾರೆ. ನೀವು ಒಂದು ಪೀರಿಯಡಿಗೆ ಸಾಕಾಗುವಷ್ಟು ಮಾಡಿ. ಪಠ್ಯಪುಸ್ತಕದ ಒಂದು ಅಧ್ಯಾಯ ತೆಗೆಯಿರಿ. ಅದರಲ್ಲಿ ದೂರದ ಊರಿನ ಉದಾಹರಣೆ ಕೊಟ್ಟ ಜಾಗ ಹುಡುಕಿ. ಅಲ್ಲಿ ನಮ್ಮ ಊರಿನ ಉದಾಹರಣೆ ಕೂರಿಸಲು ಆಗುತ್ತದಾ ನೋಡಿ.

ಸುರಂಗವನ್ನೇ ತೆಗೆದುಕೊಳ್ಳೋಣ. ಎಣ್ಮಕಜೆ, ಪಡ್ರೆ, ಬಾಯಾರು, ಪೈವಳಿಕೆ ಕಡೆಯ ಮಕ್ಕಳಿಗೆ ಇದು ಮನೆಯ ಹಿಂದಿನ ಸಂಗತಿ. ಗುಡ್ಡದ ಬದಿಯಿಂದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ನೀರಿನ ದಾರಿ. ಬಾವಿಯ ಹಾಗೆ ನೀರು ಎಳೆಯಬೇಕಿಲ್ಲ, ಪಂಪು ಬೇಡ. ಇಳಿಜಾರಿಗೆ ನೀರು ತಾನೇ ಹರಿದು ಬಂದು ಮದಕಕ್ಕೋ ಟ್ಯಾಂಕಿಗೋ ಬೀಳುತ್ತದೆ. ಗಡಿಯ ಆಚೆ ಬಂಟ್ವಾಳ ತಾಲೂಕಿನ ಮಾಣಿಲದಲ್ಲೂ ಸುರಂಗಗಳಿವೆ.

ಇದರ ಸುತ್ತ ಒಂದು ಪೀರಿಯಡು ಕಟ್ಟುವುದು ಹೀಗೆ.

ಒಂದೇ ಒಂದು ಪ್ರಶ್ನೆಯಿಂದ ಶುರು ಮಾಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು ಎಂದು ಲೆಕ್ಕ. ಇಷ್ಟಿದ್ದೂ ಏಪ್ರಿಲ್, ಮೇ ತಿಂಗಳಲ್ಲಿ ಯಾಕೆ ನೀರಿಗೆ ಪರದಾಟ? ಉತ್ತರ ಕಾಲಡಿಯ ಮಣ್ಣಿನಲ್ಲಿದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನೆಲ ಇಳಿಜಾರು, ನದಿಗಳು ಗಿಡ್ಡ, ನೀರು ಬೇಗನೆ ಕಡಲು ಸೇರುತ್ತದೆ. ತೂತು ತೂತಾದ ಮುರಕಲ್ಲು ಒಂದಿಷ್ಟು ನೀರನ್ನು ಹೀರಿ ಇಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಆ ಜಿನುಗುವ ನೀರನ್ನು ಹಿಡಿಯುವ ಉಪಾಯವೇ ಸುರಂಗ. ಮುರಕಲ್ಲಿಗೆ ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎನ್ನುತ್ತಾರೆ. 1800-01ರಲ್ಲಿ ನಮ್ಮ ಕರಾವಳಿಯಲ್ಲೂ ಮಲಬಾರಿನಲ್ಲೂ ಓಡಾಡಿದ ಫ್ರಾನ್ಸಿಸ್ ಬುಕಾನನ್ ಆ ಹೆಸರಿಟ್ಟದ್ದು. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಅವನು ಈ ಕಲ್ಲನ್ನು ಗುರುತಿಸಿ ವಿವರಿಸಿದ ಜಾಗ ಈಗಿನ ಮಲಪ್ಪುರಂ ಜಿಲ್ಲೆಯ ಅಂಗಡಿಪ್ಪುರಂ. ಅಂದರೆ ಒಂದೇ ಪಾಠದಲ್ಲಿ ಭೂಗೋಳ, ಚರಿತ್ರೆ, ವಿಜ್ಞಾನ ಮೂರೂ ಬಂದವು.

ಇದಕ್ಕೆ ನಾಲ್ಕು ತುಂಡು ಸಾಮಗ್ರಿ ಸಾಕು. ಎರಡು ಪುಟದ ಓದು. ಸುರಂಗದ ಅಡ್ಡಸೀಳು ತೋರಿಸುವ ಒಂದು ಚಿತ್ರ. ಮಕ್ಕಳು ಮನೆಯಲ್ಲಿ ಕೇಳಿ ತುಂಬಿಸುವ ಒಂದು ಹಾಳೆ: ನಮ್ಮ ಮನೆಗೆ ನೀರು ಎಲ್ಲಿಂದ, ಯಾವ ತಿಂಗಳಲ್ಲಿ ಬತ್ತುತ್ತದೆ, ಅಜ್ಜನ ಕಾಲದಲ್ಲಿ ಎಲ್ಲಿಂದ ಬರುತ್ತಿತ್ತು. ಮತ್ತೆ ಸುರಂಗ ಕೊರೆದ ಹಿರಿಯರೊಬ್ಬರ ನಾಲ್ಕೈದು ನಿಮಿಷದ ಧ್ವನಿ. ಎಚ್ಚರಿಕೆಯನ್ನು ಹಾಳೆಯ ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕಿ: ಮಕ್ಕಳು ಸುರಂಗದ ಒಳಗೆ ಹೋಗಬಾರದು. ಕುಸಿತ, ಹಾವು, ಗಾಳಿಯಾಡದಿರುವುದು, ಮೂರೂ ಅಪಾಯವೇ.

ಇದೇ ರೀತಿ ಮಾಡಬಹುದಾದ್ದು ಬಹಳ ಇದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಆಗಿ, ಇಲ್ಲಿಗೆ ಬಂದು ಚಂದ್ರಗಿರಿ ಎನಿಸಿಕೊಳ್ಳುವ ಹೊಳೆ. ಕೆಳದಿಯವರ ಕಾಲದ ಬೇಕಲ ಮತ್ತು ಚಂದ್ರಗಿರಿ ಕೋಟೆಗಳು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬ ಮತ್ತು ಯಕ್ಷಗಾನ. 1916ರಲ್ಲಿ ತೆಂಗು ಸಂಶೋಧನೆಗೆಂದು ಶುರುವಾಗಿ ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಆಗಿರುವ ಕೇಂದ್ರ. ಕಾಸರಗೋಡು ಗಿಡ್ಡ ತಳಿಯ ದನ. ತಳಂಗರೆಯ ಟೊಪ್ಪಿ. ಒಂದೊಂದೂ ಒಂದೊಂದು ಪೀರಿಯಡು.

ಎರಡು ವಿಷಯಗಳಿಗೆ ಮಾತ್ರ ಜಾಸ್ತಿ ಜಾಗ್ರತೆ ಬೇಕು. ಒಂದು, ಕಾಸರಗೋಡು ಯಾವ ರಾಜ್ಯಕ್ಕೆ ಸೇರಬೇಕು ಎಂಬ ಗಡಿ ವಿವಾದ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು. ಅದು ಜಾರಿಗೆ ಬರಲಿಲ್ಲ. ಪಾಠದಲ್ಲಿ ಇಸವಿ, ದಾಖಲೆ, ಎರಡೂ ಕಡೆಯ ವಾದ ಇರಲಿ. ನಿಮ್ಮ ನಿಲುವು ಏನೇ ಇರಲಿ, ಅದನ್ನು ಹಾಳೆಯಲ್ಲಿ ತುರುಕಬೇಡಿ. ಆ ಹಾಳೆಯನ್ನು ನಾಳೆ ಪಕ್ಕದ ಮಲಯಾಳ ಮಾಧ್ಯಮದ ಟೀಚರೂ ಬಳಸುವಂತಿರಬೇಕು. ಎರಡು, ಎಂಡೋಸಲ್ಫಾನ್. ಸುಮಾರು ಎರಡು ದಶಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ವಿಷ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆಯಿತು. ಇದನ್ನು ಕಲಿಸಲೇಬೇಕು, ನಮ್ಮ ಜಿಲ್ಲೆಯಲ್ಲಿ ಕಲಿಸದೆ ಇನ್ನೆಲ್ಲಿ? ಆದರೆ ನಿಮ್ಮ ಕ್ಲಾಸಿನಲ್ಲೇ ಆ ವಿಷದಿಂದ ಬಾಧಿತರಾದವರ ಮನೆಗಳ ಮಕ್ಕಳು ಕೂತಿರಬಹುದು. ಬಾಧಿತರ ಮುಖದ ಫೋಟೊ ಬೇಡ. ಕೋರ್ಟಿನ ಆದೇಶ, ಸಿಂಪಡಣೆಯ ರೀತಿ, ಜನರ ಹೋರಾಟ ಇವುಗಳಿಂದಲೇ ಪಾಠ ಗಟ್ಟಿಯಾಗುತ್ತದೆ.

ಹಂತ 3: ಈಗಾಗಲೇ ಇರುವುದನ್ನು ಹುಡುಕಿ

ಬರೆಯುವ ಮೊದಲು ಒಂದು ಸಂಜೆ ಹುಡುಕಾಟಕ್ಕೆ ಇಡಿ. ಕೈಟ್‌ನ "ಸಮಗ್ರ" ಎಂಬ ಪೋರ್ಟಲ್‌ನಲ್ಲಿ ಕನ್ನಡ ವಿಭಾಗ ಇದೆ. 2020ರ ಫಸ್ಟ್ ಬೆಲ್ ಎಂಬ ವಿಡಿಯೊ ತರಗತಿಗಳು ಕನ್ನಡದಲ್ಲೂ ಬಂದಿದ್ದವು. ಸ್ಕೂಲ್‌ವಿಕಿಯಲ್ಲಿ ಕೇರಳದ ಶಾಲೆಗಳಿಗೆ ಒಂದೊಂದು ಪುಟ ಇದೆ. ಬಹುಪಾಲು ಮಲಯಾಳದಲ್ಲಿದ್ದರೂ ಊರಿನ ಮಾಹಿತಿ ಸಿಗುತ್ತದೆ. ಗಡಿಯ ಆಚೆಯ ಸಾಮಗ್ರಿಗೆ ಕೇಂದ್ರದ ದೀಕ್ಷಾ ತಾಣ ಮತ್ತು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ತಾಣ ನೋಡಿ. ಎರಡನೆಯದು ವಿಕಿಯ ರೀತಿಯದು, ಪಾಠ ಯೋಜನೆಯ ಮಾದರಿಗೆ ಒಳ್ಳೆಯದು.

ಹಳೆಯ ದಾಖಲೆಗೆ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಗ್ರಂಥ ಭಂಡಾರ. 1894ರಲ್ಲಿ ಸ್ಟರಕ್ ಬರೆದ ದಕ್ಷಿಣ ಕನ್ನಡ ಜಿಲ್ಲಾ ಮ್ಯಾನುಯಲ್‌ನ ಮೊದಲ ಸಂಪುಟ ಅಲ್ಲಿ ಸಿಗುತ್ತದೆ. ಅದು ಇಂಗ್ಲಿಷಿನಲ್ಲಿದೆ. ಆಗಿನ ಜಿಲ್ಲೆಯ ದಕ್ಷಿಣ ತುದಿಯ ತಾಲೂಕು ಕಾಸರಗೋಡು. ಬೆಳೆ, ತೆರಿಗೆ, ದಾರಿಗಳ ವಿವರ ಚೆನ್ನಾಗಿದೆ. ಜಾತಿಗಳ ಬಗ್ಗೆ ಆ ಕಾಲದ ಅಧಿಕಾರಿಗಳು ಬರೆದದ್ದನ್ನು ಮಾತ್ರ ಹಾಗೇ ತೆಗೆದು ಮಕ್ಕಳ ಕೈಗೆ ಕೊಡಬೇಡಿ.

ಹುಡುಕುವಾಗ ಊರಿನ ಹೆಸರನ್ನು ಮೂರು ನಾಲ್ಕು ರೀತಿ ಬರೆದು ನೋಡಿ. ಕುಂಬಳೆ ಮತ್ತು ಕುಂಬ್ಳ, ಪೈವಳಿಕೆ ಮತ್ತು ಪೈವಳಿಗೆ, ಹೊಸದುರ್ಗ ಮತ್ತು ಕಾಞಂಗಾಡ್. ಮಲಯಾಳ ಮತ್ತು ಇಂಗ್ಲಿಷ್ ಕಾಗುಣಿತದಲ್ಲೂ ಹುಡುಕಿ. ನಿಮ್ಮದೇ ಸಾಮಗ್ರಿ ಸಿದ್ಧವಾದಾಗ ಈ ಎಲ್ಲ ರೂಪಗಳನ್ನು ಹುಡುಕುಪದವಾಗಿ ಕೆಳಗೆ ಸೇರಿಸಿ.

ಮಲಯಾಳದಿಂದ ಯಂತ್ರ ಅನುವಾದ ಮಾಡುವವರಿಗೆ ಒಂದು ಮಾತು. ಕರಡಿಗೆ ಸರಿ, ಕೊನೆಯ ಪ್ರತಿಗೆ ಬೇಡ. ಎರಡೂ ಭಾಷೆ ಬಲ್ಲವರು ಸಾಲು ಸಾಲಾಗಿ ಓದಲೇಬೇಕು. ಪಾರಿಭಾಷಿಕ ಪದಗಳಿಗೆ ನಿಮ್ಮ ಕ್ಲಾಸಿನ ಕನ್ನಡ ಪಠ್ಯಪುಸ್ತಕದಲ್ಲಿ ಇರುವ ಪದವನ್ನೇ ಹಾಕಿ. ಕರ್ನಾಟಕದ ಪುಸ್ತಕದಲ್ಲಿ ಬೇರೆ ಪದ ಇದ್ದರೂ ಇರಲಿ. ಪರೀಕ್ಷೆಯಲ್ಲಿ ಬರುವುದು ಇಲ್ಲಿನದ್ದೇ.

ಹಂತ 4: ಯಾರ ಹಕ್ಕು, ಯಾವ ಲೈಸೆನ್ಸು

ಈ ಹಂತವನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಆಗ ಅರ್ಧ ಸಾಮಗ್ರಿ ಕಿತ್ತುಹಾಕಬೇಕಾಗುತ್ತದೆ. ಕ್ಲಾಸಿನೊಳಗೆ ಪಾಠಕ್ಕೆ ಬಳಸಲು ಕಾನೂನು ಕೊಡುವ ಸಡಿಲಿಕೆ ಬೇರೆ, ಆನ್‌ಲೈನ್‌ನಲ್ಲಿ ಜಗತ್ತಿಗೇ ತೆರೆದಿಡುವುದು ಬೇರೆ. ಎರಡನ್ನೂ ಕಲಸಬೇಡಿ.

ನಮ್ಮ ದೇಶದಲ್ಲಿ ಲೇಖಕರ ಹಕ್ಕು ಅವರ ಜೀವಮಾನ ಮತ್ತು ನಂತರದ 60 ವರ್ಷ. ಸತ್ತ ವರ್ಷದ ಮರುವರ್ಷದಿಂದ ಲೆಕ್ಕ. ನಮ್ಮ ಜಿಲ್ಲೆಯ ಇಬ್ಬರು ಕವಿಗಳನ್ನೇ ಇಟ್ಟು ನೋಡಿ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ತೀರಿದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಬರಹಗಳು 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಅವರ ಕವಿತೆಯನ್ನು ಪೂರ್ತಿ ಹಾಕಬಹುದು, ಮಕ್ಕಳ ಧ್ವನಿಯಲ್ಲಿ ಓದಿಸಿ ಇಡಬಹುದು. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು ತೀರಿದ್ದು 2015ರಲ್ಲಿ. ಅವರ ಕೃತಿಗಳ ಹಕ್ಕು 2075ರ ಕೊನೆಯವರೆಗೆ ಇರುತ್ತದೆ. ಹಕ್ಕುದಾರರ ಲಿಖಿತ ಒಪ್ಪಿಗೆ ಇಲ್ಲದೆ ಪೂರ್ತಿ ಕವಿತೆ ಏರಿಸಬೇಡಿ. ವಿಮರ್ಶೆಗೆ ಬೇಕಾದಷ್ಟು ಸಾಲು ಉಲ್ಲೇಖಿಸಿ, ಉಳಿದದ್ದಕ್ಕೆ ಪುಸ್ತಕದ ಹೆಸರು, ಪುಟ ಕೊಡಿ.

ಇಲ್ಲೂ ಒಂದು ಗುಂಡಿ ಇದೆ. ಲೇಖಕರು ತೀರಿದ ಮೇಲೆ ಮೊದಲ ಬಾರಿ ಅಚ್ಚಾದ ಬರಹಕ್ಕೆ 60 ವರ್ಷದ ಲೆಕ್ಕ ಅಚ್ಚಾದ ವರ್ಷದ ಮರುವರ್ಷದಿಂದ ಶುರು. ಹೊಸ ಆವೃತ್ತಿಯ ಮುನ್ನುಡಿ, ಟಿಪ್ಪಣಿ, ಅನುವಾದ ಇವುಗಳಿಗೆ ಬೇರೆಯೇ ಹಕ್ಕುದಾರರು ಇರುತ್ತಾರೆ. ಆದ್ದರಿಂದ ಹೊಸ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡುವ ಬದಲು ಮೂಲ ಪಾಠವನ್ನು ಟೈಪ್ ಮಾಡಿ.

ರಾಜ್ಯದ ಪಠ್ಯಪುಸ್ತಕ ರೂಪಿಸುವ ಸಂಸ್ಥೆ ಎಸ್.ಸಿ.ಇ.ಆರ್.ಟಿ.ಯ ಪುಸ್ತಕದ ಪುಟಗಳನ್ನು ಕತ್ತರಿಸಿ ಹಾಕಬೇಡಿ, ಕೊಂಡಿ ಕೊಡಿ. ಪತ್ರಿಕೆಯ ತುಣುಕಿಗೂ ಇದೇ ಮಾತು. ಸುದ್ದಿಯಲ್ಲಿರುವ ಸಂಗತಿಗೆ ಹಕ್ಕಿಲ್ಲ, ಅದನ್ನು ಬರೆದ ರೀತಿಗೆ ಇದೆ. ನಿಮ್ಮ ಮಾತಿನಲ್ಲಿ ಬರೆಯಿರಿ. ಗೂಗಲ್‌ನಲ್ಲಿ ಕಂಡ ಫೋಟೊ ಬೇಡ. ಬೇಕಲ ಕೋಟೆಯ ಫೋಟೊ ಬೇಕಾದರೆ ಮುಕ್ತ ಫೋಟೊ, ಧ್ವನಿಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ನೋಡಿ, ತೆಗೆದವರ ಹೆಸರು ಹಾಕಿ ಬಳಸಿ. ಇಲ್ಲದಿದ್ದರೆ ನೀವೇ ಹೋಗಿ ತೆಗೆಯಿರಿ.

ಇನ್ನು ನಿಮ್ಮ ಸಾಮಗ್ರಿಗೆ ನೀವು ಹಾಕುವ ಲೈಸೆನ್ಸು. ಏನೂ ಬರೆಯದೆ ಬಿಟ್ಟರೆ ಪೂರ್ತಿ ಹಕ್ಕು ನಿಮ್ಮದೇ ಎಂದು ಅರ್ಥ, ಬೇರೆ ಟೀಚರ್ ಅದನ್ನು ತಿದ್ದುವಂತಿಲ್ಲ. ಅದಕ್ಕೇ ಕ್ರಿಯೇಟಿವ್ ಕಾಮನ್ಸ್ ಇರುವುದು. "ಈ ಷರತ್ತಿನಲ್ಲಿ ಬಳಸಿ" ಎಂದು ಮೊದಲೇ ಒಪ್ಪಿಗೆ ಕೊಡುವ ಸಿದ್ಧ ಲೈಸೆನ್ಸುಗಳು. ಸಿಸಿ ಬೈ ಎಂದರೆ ಹೆಸರು ಹೇಳಿ ಏನು ಬೇಕಾದರೂ ಮಾಡಬಹುದು. ಸಿಸಿ ಬೈ ಎಸ್‌ಎ ಎಂದರೆ ಹೆಸರು ಹೇಳಿ, ತಿದ್ದಿದ್ದನ್ನೂ ಇದೇ ಲೈಸೆನ್ಸಿನಲ್ಲಿ ಹಂಚಬೇಕು. ಎನ್‌ಸಿ ಸೇರಿದರೆ ವ್ಯಾಪಾರಕ್ಕಿಲ್ಲ. ಎನ್‌ಡಿ ಸೇರಿದರೆ ತಿದ್ದಿದ್ದನ್ನು ಹಂಚುವಂತಿಲ್ಲ.

ನನ್ನ ಸಲಹೆ ಸಿಸಿ ಬೈ ಎಸ್‌ಎ. ಬಹಳ ಜನ "ಯಾರೋ ಗೈಡ್ ಅಚ್ಚು ಹಾಕಿ ದುಡ್ಡು ಮಾಡಿಯಾರು" ಎಂದು ಹೆದರಿ ಎನ್‌ಸಿ ಹಾಕುತ್ತಾರೆ. ಹೆದರಿಕೆ ಅರ್ಥವಾಗುತ್ತದೆ. ಆದರೆ ಎನ್‌ಸಿ ಅಥವಾ ಎನ್‌ಡಿ ಇರುವ ಫೋಟೊ, ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್ ಸ್ವೀಕರಿಸುವುದಿಲ್ಲ. ಕನ್ನಡ ವಿಕಿಪೀಡಿಯದಲ್ಲಾಗಲಿ ತುಳು ವಿಕಿಪೀಡಿಯದಲ್ಲಾಗಲಿ ಅದನ್ನು ಸೇರಿಸಲು ಆಗುವುದಿಲ್ಲ. ಎನ್‌ಡಿ ಅಂತೂ ಪಾಠ ಸಾಮಗ್ರಿಗೆ ಹೊಂದುವುದೇ ಇಲ್ಲ. ಪೈವಳಿಕೆಯ ಹಾಳೆಯನ್ನು ಮುಳ್ಳೇರಿಯದ ಟೀಚರ್ ತಮ್ಮ ಊರಿಗೆ ಬದಲಿಸಿ ಹಂಚಲು ಆಗದಿದ್ದರೆ ಇಷ್ಟೆಲ್ಲ ಯಾಕೆ?

ಹಂತ 5: ಜನರ ಒಪ್ಪಿಗೆ

ಹಿರಿಯರ ಧ್ವನಿ ತೆಗೆದುಕೊಳ್ಳುವ ಮೊದಲು ಅದು ಎಲ್ಲಿ ಹೋಗುತ್ತದೆ ಎಂದು ಅವರ ಭಾಷೆಯಲ್ಲೇ ಹೇಳಿ. ತುಳುವಾದರೆ ತುಳು, ಮಲಯಾಳವಾದರೆ ಮಲಯಾಳ, ಬ್ಯಾರಿಯಾದರೆ ಬ್ಯಾರಿ. "ಅಜ್ಜ, ಇದನ್ನು ಯಾರು ಬೇಕಾದರೂ ಕೇಳಬಹುದು, ಆಗಬಹುದಾ?" ಎಂದು ಕೇಳಿ, ಆ ಪ್ರಶ್ನೆ ಮತ್ತು ಉತ್ತರವನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಓದು ಬರಹ ಬಾರದವರಿಗೆ ಕಾಗದಕ್ಕಿಂತ ಇದು ಮರ್ಯಾದೆಯ ದಾರಿ. ತುಳುವಿನ ಹಾಡುಗತೆ ಪಾಡ್ದನ ಹಾಡಿದವರ ಹೆಸರು ಬಿಡಬೇಡಿ. ಹಾಡು ಹಳೆಯದೇ ಇರಬಹುದು, ಹಾಡಿದವರಿಗೂ ಹಕ್ಕಿದೆ. ತೆಯ್ಯಂ, ಭೂತಕೋಲಗಳಲ್ಲಿ ಕೆಲವು ಭಾಗ ಚಿತ್ರೀಕರಿಸುವುದು ಮನೆಯವರಿಗೆ ಇಷ್ಟವಿರುವುದಿಲ್ಲ. ಮೊದಲೇ ಕೇಳಿ, ಬೇಡ ಎಂದರೆ ಬಿಟ್ಟುಬಿಡಿ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ. 2023ರ ಡಿಜಿಟಲ್ ಮಾಹಿತಿ ರಕ್ಷಣೆ ಕಾಯಿದೆಯಂತೆ 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಸುಲಭದ ದಾರಿ ಎಂದರೆ ಮಕ್ಕಳ ಮುಖ, ಹೆಸರು, ಮನೆಯ ಜಾಗ ಯಾವುದೂ ಬಾರದಂತೆ ನೋಡಿಕೊಳ್ಳುವುದು. ಕೈ ಕಂಡರೆ ಸಾಕು, ಬರೆದ ಚಿತ್ರ ಕಂಡರೆ ಸಾಕು. ಫೋಟೊದೊಳಗೆ ಸ್ಥಳದ ಮಾಹಿತಿ ಅಡಗಿರುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ ತೆಗೆಯಿರಿ.

ಹಂತ 6: ಯುನಿಕೋಡ್‌ನಲ್ಲೇ ಬರೆಯಿರಿ

ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸು ನಮ್ಮ ಶಾಲೆಗಳ ಪೆನ್‌ಡ್ರೈವ್‌ಗಳಲ್ಲಿ ತುಂಬಿದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಕನ್ನಡ, ಹುಡುಕಿದರೆ ಸೊನ್ನೆ. ಯುನಿಕೋಡ್ ಎಂದರೆ ಪ್ರತಿ ಅಕ್ಷರಕ್ಕೂ ಜಗತ್ತಿಡೀ ಒಂದೇ ಸಂಕೇತ ಕೊಡುವ ಪದ್ಧತಿ. ಫೋನಿನಲ್ಲಿ ನೀವು ಬರೆಯುವ ಕನ್ನಡ ಯುನಿಕೋಡೇ.

ಹಳೆಯ ಫೈಲುಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿ. ನಂತರ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ನೋಡಿ. ತಪ್ಪುಗಳು ಅಲ್ಲೇ ಜಾಸ್ತಿ. ಅಚ್ಚಾದ ಹಾಳೆಯಾದರೆ ಫೋಟೊವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ಬರುತ್ತವೆ. ಟೈಪಿಂಗ್ ಬಾರದ ಹಿರಿಯ ಮಾಷ್ಟ್ರುಗಳಿಗೆ ಫೋನಿನ ಧ್ವನಿ ಟೈಪಿಂಗ್ ಹೇಳಿಕೊಡಿ. ಕಲಿತ ಮೇಲೆ ಅವರೇ ನಿಮಗಿಂತ ಜಾಸ್ತಿ ಬರೆಯುತ್ತಾರೆ.

ಹಂತ 7: ಹಾಳೆಯ ರೂಪ

ಎ4 ಅಳತೆ, ಎರಡು ಪುಟ, ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಮಾಡಿದರೂ ಕಾಣುವ ಚಿತ್ರ. ಬಣ್ಣದಲ್ಲಿ ಮಾತ್ರ ಅರ್ಥವಾಗುವ ನಕ್ಷೆ ಶಾಲೆಯ ಪ್ರಿಂಟರಿನಲ್ಲಿ ಬೂದಿ ಬಣ್ಣದ ಮುದ್ದೆಯಾಗುತ್ತದೆ. ಹಾಳೆಯ ಮೇಲ್ಭಾಗದಲ್ಲಿ ಇಷ್ಟು ಇರಲಿ: ತರಗತಿ, ವಿಷಯ, ಅಧ್ಯಾಯದ ಹೆಸರು, ಪಠ್ಯಪುಸ್ತಕದ ವರ್ಷ, ಬೇಕಾದ ಸಮಯ, ಕಲಿಕಾ ಸಾಧನೆ. ಕಲಿಕಾ ಸಾಧನೆ ಎಂದರೆ ಪಾಠ ಮುಗಿದ ಮೇಲೆ ಮಗುವಿಗೆ ಏನು ಮಾಡಲು ಬರಬೇಕು ಎಂಬುದು. ಕೆಳಭಾಗದಲ್ಲಿ ಬರೆದವರು, ನೋಡಿದವರು, ಮಾಹಿತಿ ಎಲ್ಲಿಂದ, ಲೈಸೆನ್ಸು, ದಿನಾಂಕ.

ಪಠ್ಯಪುಸ್ತಕದ ವರ್ಷ ಯಾಕೆಂದರೆ, ಕೇರಳದಲ್ಲಿ 2024ರಲ್ಲಿ 1, 3, 5, 7, 9ನೇ ತರಗತಿಗೆ, 2025ರಲ್ಲಿ 2, 4, 6, 8, 10ಕ್ಕೆ ಹೊಸ ಪುಸ್ತಕ ಬಂದಿವೆ. "7ನೇ ತರಗತಿ, 3ನೇ ಪಾಠ" ಎಂದು ಮಾತ್ರ ಬರೆದ ಹಳೆಯ ಹಾಳೆ ಈಗ ಯಾವ ಪಾಠಕ್ಕೆ ಸೇರಿದ್ದು ಎಂದೇ ಗೊತ್ತಾಗುವುದಿಲ್ಲ. ಸಂಖ್ಯೆ ಬೇಡ, ಅಧ್ಯಾಯದ ಹೆಸರು ಬರೆಯಿರಿ.

ಫೈಲಿಗೆ ಹೆಸರಿಡುವಾಗ "ಹೊಸದು", "ಕೊನೆಯದು", "ಕೊನೆಯದು 2" ಎಂದು ಬರೆಯಬೇಡಿ. ತರಗತಿ, ವಿಷಯ, ಸಂಗತಿ, ತಿಂಗಳು ಸಾಕು: "07-ಸಮಾಜ-ಸುರಂಗ-ಹಾಳೆ-2025-06". ಪ್ರತಿ ಹಾಳೆಯನ್ನು ಎರಡು ರೂಪದಲ್ಲಿ ಇಡಿ, ಪ್ರಿಂಟಿಗೆ ಪಿಡಿಎಫ್, ತಿದ್ದಲು ಮೂಲ ಫೈಲು. ಮೂಲ ಫೈಲು ಕೊಡದೆ ಪಿಡಿಎಫ್ ಮಾತ್ರ ಕೊಟ್ಟರೆ ಲೈಸೆನ್ಸಿನಲ್ಲಿ ಏನು ಬರೆದರೂ ಉಪಯೋಗವಿಲ್ಲ.

ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಒಳ್ಳೆಯದು. ಅದರ ಮೇಲೆ ಯುಮ್ಯಾಪ್ ಎಂಬ ಸಲಕರಣೆಯಲ್ಲಿ ಹೊಳೆ, ಕೋಟೆ, ಸಂತೆಗಳನ್ನು ಗುರುತಿಸಬಹುದು. ಮೂಲದ ಹೆಸರು ಹಾಕಬೇಕು. ಆದರೆ ಇಡೀ ಭಾರತದ ನಕ್ಷೆ ಬೇಕಾದಾಗ ಸರ್ವೆ ಆಫ್ ಇಂಡಿಯಾದ್ದನ್ನೇ ಬಳಸಿ. ಅದಕ್ಕೆ ಹೊಂದದ ಗಡಿರೇಖೆ ಇರುವ ನಕ್ಷೆ ಪ್ರಕಟಿಸುವುದು ನಮ್ಮಲ್ಲಿ ಅಪರಾಧ. ರಸಪ್ರಶ್ನೆ, ಎಳೆದು ಹೊಂದಿಸುವ ಆಟ ಮಾಡಲು ಎಚ್‌ಫೈವ್‌ಪಿ ಇದೆ. ಮೊದಲ ವರ್ಷ ಅದರ ಗೋಜಿಗೆ ಹೋಗದಿದ್ದರೂ ನಡೆಯುತ್ತದೆ.

ಹಂತ 8: ಕ್ಲಾಸಿನಲ್ಲಿ ಹಾಕಿ ನೋಡಿ, ಆಮೇಲೆ ಏರಿಸಿ

ಬರೆದವರಲ್ಲದ ಒಬ್ಬರು ಬೇರೆ ಶಾಲೆಯಲ್ಲಿ ಆ ಹಾಳೆಯಿಂದ ಪಾಠ ಮಾಡಬೇಕು. ಅವರು ಫೋನ್ ಮಾಡಿ ಕೇಳುವ ಪ್ರತಿ ಸಂಶಯವೂ ಹಾಳೆಯಲ್ಲಿ ಬಿಟ್ಟುಹೋದ ಒಂದು ಸಾಲು. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಮಕ್ಕಳು ಒಂದೇ ಕ್ಲಾಸಿನಲ್ಲಿರುತ್ತಾರೆ. ಓದಿನ ಭಾಗವನ್ನು ಇಂಥ ಮಗುವೊಂದಕ್ಕೆ ಗಟ್ಟಿಯಾಗಿ ಓದಲು ಕೊಡಿ. ಎಡವಿದ ವಾಕ್ಯ ಗಿಡ್ಡ ಮಾಡಿ.

ನಂತರ ಹಳೆಯ ಫೋನೊಂದರಲ್ಲಿ ತೆರೆಯಿರಿ. ಬೇಗ ತೆರೆಯದಿದ್ದರೆ ಫೈಲು ದೊಡ್ಡದಾಯಿತು. ಧ್ವನಿ ಸಾಕಾಗುವಲ್ಲಿ ವಿಡಿಯೊ ಬೇಡ.

ಹಂತ 9: ಎಲ್ಲಿ ಇಡುವುದು

ಇನ್ನೂ ಕೆಲಸ ನಡೆಯುತ್ತಿರುವ ಪ್ರತಿಯನ್ನು ಗುಂಪಿನ ಡ್ರೈವ್‌ನಲ್ಲಿ ಇಡಿ. ಉಚಿತ 15 ಜಿಬಿ, ಹಾಳೆಗಳಿಗೆ ಧಾರಾಳ. ಸಿದ್ಧವಾದ ಪ್ರತಿ ಇಂಟರ್ನೆಟ್ ಆರ್ಕೈವ್‌ಗೆ. ಫೋಟೊ ಮತ್ತು ಧ್ವನಿ ವಿಕಿಮೀಡಿಯ ಕಾಮನ್ಸ್‌ಗೆ, ಕನ್ನಡದ ವಿವರಣೆ ಬರೆದು. ಮುಕ್ತವಾದ ಹಳೆಯ ಪಠ್ಯ ಟೈಪ್ ಮಾಡಿದ್ದರೆ ಅದಕ್ಕೆ ಮುಕ್ತ ಪುಸ್ತಕಗಳ ತಾಣ ಕನ್ನಡ ವಿಕಿಸೋರ್ಸ್ ಇದೆ. ಇನ್ನೊಂದು ಪ್ರತಿ ಶಾಲೆಯ ಲ್ಯಾಬಿನ ಹಾರ್ಡ್‌ಡಿಸ್ಕಿನಲ್ಲಿ. ಎಲ್ಲದರ ಪಟ್ಟಿ ಒಂದೇ ಶೀಟಿನಲ್ಲಿ, ಆ ಶೀಟಿನ ಕೊಂಡಿಯನ್ನು ಮಾತ್ರ ವಾಟ್ಸಾಪ್‌ನಲ್ಲಿ ಹಂಚಿ. ಹತ್ತು ಹದಿನೈದು ಪಾಠ ಸೇರಿದ ಮೇಲೆ ವೆಬ್‌ಸೈಟ್ ಬೇಕೆನಿಸಿದರೆ ಆಗ ನೋಡಿದರಾಯಿತು.

ಹಂತ 10: ವರ್ಷಕ್ಕೊಮ್ಮೆ ತಿರುಗಿ ನೋಡುವುದು

ಮಾರ್ಚ್ ಪರೀಕ್ಷೆ ಮುಗಿದ ಮೇಲೆ, ಜೂನ್ ಮೊದಲು, ಒಂದು ದಿನ ಕೂತು ಪಟ್ಟಿಯ ಪ್ರತಿ ಕೊಂಡಿಯನ್ನೂ ಒತ್ತಿ ನೋಡಿ. ಸತ್ತ ಕೊಂಡಿ ತೆಗೆಯಿರಿ. ತಪ್ಪು ಸಿಕ್ಕಿದರೆ ತಿದ್ದಿ, ಏನು ತಿದ್ದಿದ್ದು ಎಂದು ದಿನಾಂಕ ಹಾಕಿ ಕೆಳಗೆ ಬರೆಯಿರಿ. ಹಳೆಯ ಪ್ರತಿ ಅಳಿಸಬೇಡಿ, "ಹಳೆಯವು" ಎಂಬ ಫೋಲ್ಡರಿಗೆ ಹಾಕಿ. ತಾಲೂಕಿನಂಥ ಸಂಗತಿಯೂ ಬದಲಾಗುತ್ತದೆ. ಮಂಜೇಶ್ವರ, ವೆಳ್ಳರಿಕುಂಡು ತಾಲೂಕುಗಳು ಬಂದದ್ದು 2014ರಲ್ಲಿ. ಅದಕ್ಕೂ ಹಳೆಯ ಹಾಳೆಗಳಲ್ಲಿ ಜಿಲ್ಲೆಗೆ ಎರಡೇ ತಾಲೂಕು.

ವರ್ಗಾವಣೆಯ ಕಾಲವೂ ಅದೇ. ಫೈಲು ಕಾಯುವವರು ಹೊರಡುವ ಮೊದಲು ಒಂದು ಪುಟದ ಹಾಳೆ ಬರೆದಿಡಲಿ: ಖಾತೆಯ ಹೆಸರು, ಪಾಸ್‌ವರ್ಡು ಯಾರ ಬಳಿ, ಖಾತೆ ಮರಳಿ ಪಡೆಯಲು ಕೊಟ್ಟ ಫೋನ್ ನಂಬರು ಯಾರದ್ದು, ಒಪ್ಪಿಗೆಯ ರೆಕಾರ್ಡುಗಳು ಎಲ್ಲಿವೆ, ಅರ್ಧಕ್ಕೆ ನಿಂತ ಪಾಠ ಯಾವುದು. ಆ ಫೋನ್ ನಂಬರನ್ನು ಹೊಸಬರದ್ದಕ್ಕೆ ಬದಲಿಸಿ, ಅವರು ತಮ್ಮ ಫೋನಿನಿಂದ ಒಮ್ಮೆ ಲಾಗಿನ್ ಆದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹಳಬರನ್ನು ಬಿಡಿ.